ಹೊಸ್ತಿಲು ದಾಟುವ ತಟ್ಟೆ



1843ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಅಂಗೈಯಗಲದ ಒಂದು ಕಾರ್ಡು ಮಾರಾಟಕ್ಕೆ ಬಂತು. ಬೆಲೆ ಒಂದು ಷಿಲಿಂಗ್. ಅದನ್ನು ಮಾಡಿಸಿದವರು ಹೆನ್ರಿ ಕೋಲ್. ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಜಾರಿಗೆ ಬರಲು ದುಡಿದವರಲ್ಲಿ ಅವರೂ ಒಬ್ಬರು. ಹಬ್ಬದ ಹೊತ್ತಿಗೆ ಬಂದು ಬಿದ್ದ ಕಾಗದಗಳಿಗೆಲ್ಲ ಉತ್ತರ ಬರೆಯುವ ಪುರುಸೊತ್ತಿಲ್ಲದೆ, ಜಾನ್ ಕ್ಯಾಲ್‌ಕಾಟ್ ಹಾರ್ಸ್ಲಿ ಎಂಬ ಕಲಾವಿದರಿಂದ ಒಂದು ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಸುಮಾರು ಒಂದು ಸಾವಿರ ಪ್ರತಿ ತೆಗೆಸಿ, ಕೈಯಿಂದ ಬಣ್ಣ ತುಂಬಿಸಿದರು. ತಮಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಮಾರಾಟಕ್ಕೆ ಬಿಟ್ಟರು. ಅಚ್ಚಿನ ಕ್ರಿಸ್‌ಮಸ್ ಕಾರ್ಡಿನ ವಂಶಾವಳಿ ಶುರುವಾಗುವುದು ಇಲ್ಲಿಂದ. ಅದೇ ವರ್ಷದ ಜುಲೈಯಲ್ಲಿ ಇತ್ತ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರು ಸಮಾಚಾರ’ ಹೊರಡಿಸಿದ್ದರು. ಅದೂ ಕಲ್ಲಚ್ಚಿನದೇ. ಕನ್ನಡದ ಮೊದಲ ಪತ್ರಿಕೆಯೂ ಮೊದಲ ಕ್ರಿಸ್‌ಮಸ್ ಕಾರ್ಡೂ ಒಂದೇ ವರ್ಷದ ಕೂಸುಗಳು ಎನ್ನುವುದು ನನ್ನ ವಾದಕ್ಕೇನೂ ಬೇಕಾಗಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಆ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಡುವೆ ದೊಡ್ಡ ಚಿತ್ರ: ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಮೂರು ತಲೆಮಾರಿನ ಕುಟುಂಬ ಮೇಜಿನ ಸುತ್ತ ಕುಳಿತು, ಕಾರ್ಡು ಪಡೆದವರಿಗೆ ಶುಭ ಕೋರಿ ಲೋಟ ಎತ್ತಿದೆ. ಅದರ ಎರಡು ಪಕ್ಕದಲ್ಲಿ ಎರಡು ಕಿರಿದಾದ ಚಿತ್ರಗಳು. ಒಂದರಲ್ಲಿ ಹಸಿದವರಿಗೆ ಅನ್ನ ಕೊಡುತ್ತಿದ್ದಾರೆ, ಇನ್ನೊಂದರಲ್ಲಿ ಬಟ್ಟೆಯಿಲ್ಲದವರಿಗೆ ಬಟ್ಟೆ ಹೊದಿಸುತ್ತಿದ್ದಾರೆ. ಮೂರು ಚಿತ್ರಗಳನ್ನೂ ಬಳ್ಳಿ ಹಬ್ಬಿದ ಚಪ್ಪರದ ಕಂಬಗಳು ಬೇರೆ ಬೇರೆ ಮಾಡಿವೆ. ಆ ಕಾಲದ ಮದ್ಯವಿರೋಧಿಗಳ ಕಣ್ಣು ಬಿದ್ದದ್ದು ಮಗುವಿನ ತುಟಿಗೆ ಹಿಡಿದ ವೈನಿನ ಲೋಟದ ಮೇಲೆ, ಅದಕ್ಕೆ ದೊಡ್ಡ ರಂಪವೇ ಆಯಿತು. ನನ್ನ ಕಣ್ಣು ಬೀಳುವುದು ಆ ಚಪ್ಪರದ ಕಂಬಗಳ ಮೇಲೆ. ಊಟವೂ ಉದಾರತೆಯೂ ಒಂದೇ ಕಾಗದದಲ್ಲಿವೆ, ನಡುವೆ ಮಾತ್ರ ಒಂದು ಗೆರೆ. ಮುಂದಿನ ವರ್ಷಗಳಲ್ಲಿ ಬಂದ ಕಾರ್ಡುಗಳಲ್ಲಿ ಪಕ್ಕದ ಆ ಎರಡು ಚಿತ್ರಗಳ ಜಾಗದಲ್ಲಿ ಹಿಮ, ಹೂವು, ಹಕ್ಕಿ, ಗಂಟೆ ಬಂದು ಕುಳಿತವು.

ಕ್ರಿಸ್‌ಮಸ್ ಕಾಲದ ಕೊಳ್ಳುಬಾಕತನದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಖರ್ಚಿನ ಲೆಕ್ಕದಿಂದ ಶುರು ಮಾಡುತ್ತಾರೆ. ಜನ ಮೊದಲು ಕಡಿಮೆ ಖರ್ಚು ಮಾಡುತ್ತಿದ್ದರು, ಈಗ ಹೆಚ್ಚು ಮಾಡುತ್ತಾರೆ, ಆದ್ದರಿಂದ ಹಬ್ಬ ಕೆಟ್ಟಿತು ಎಂಬುದು ಆ ವಾದ. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಹಬ್ಬವೆಂದರೆ ಎಲ್ಲ ಕಾಲದಲ್ಲೂ ಎಲ್ಲ ಜನಾಂಗದಲ್ಲೂ ಕೈಮೀರಿ ಖರ್ಚು ಮಾಡುವ ಹೊತ್ತೇ. ಬದಲಾದದ್ದು ಕೊಡುಗೆ ಹೋಗುವ ದಿಕ್ಕು. ಮನೆಯ ಹೊಸ್ತಿಲು ದಾಟಿ ಹೊರಗೆ ಹೋಗುತ್ತಿದ್ದದ್ದು ಮನೆಯೊಳಗೇ ಸುತ್ತತೊಡಗಿತು. ಇದು ಹೇಗಾಯಿತು, ಎಲ್ಲಿ ಆಗದೆ ಉಳಿಯಿತು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಮೊದಲು ಹಬ್ಬದ ಹೆಸರು. ಕ್ರಿಸ್‌ಮಸ್ ಎಂದರೆ ಕ್ರಿಸ್ತನ ಮಾಸ್, ನಮ್ಮ ಕ್ಯಾಥೊಲಿಕರು ಕನ್ನಡದಲ್ಲಿ ಬಲಿಪೂಜೆ ಎನ್ನುವ ಆರಾಧನೆ. ಆ ಬಲಿಪೂಜೆಗೆ ಆದಿ ಕ್ರೈಸ್ತರು ಗ್ರೀಕ್ ಭಾಷೆಯಲ್ಲಿ ಬಳಸಿದ ಹೆಸರು ಯೂಕರಿಸ್ತಿಯಾ. ಅದರ ಅರ್ಥ ಉಪಕಾರ ಸ್ಮರಣೆ. ಅಲ್ಲಿಗೆ ಹಬ್ಬದ ಹೆಸರನ್ನು ಎರಡು ಮೆಟ್ಟಿಲು ಕೆಳಗೆ ಅಗೆದರೆ ಸಿಗುವುದು ಕೃತಜ್ಞತೆಯೇ. ನಮ್ಮ ಮಾತಿನಲ್ಲೂ ಈ ಪದ ನೇರವಾಗಿಯೇ ಇದೆ: ಕೃತಜ್ಞ ಎಂದರೆ ಮಾಡಿದ್ದನ್ನು ಅರಿತವನು. ಒಳ್ಳೆಯ ಭಾವನೆಗಿಂತ ಮೊದಲು ಅದೊಂದು ತಿಳಿವಳಿಕೆ. ತನಗೆ ಬಂದದ್ದು ಎಲ್ಲಿಂದ ಬಂತು, ಯಾರು ಮಾಡಿದರು ಎಂಬ ಅರಿವು.

ಸುವಾರ್ತೆಗಳ ಕಥೆಯೂ ಇದೇ ಕಡೆಗೆ ಕೈ ತೋರಿಸುತ್ತದೆ. ಲೂಕನು ಹೇಳುವಂತೆ ಛತ್ರದಲ್ಲಿ ಜಾಗ ಸಿಗದೆ ಮಗುವನ್ನು ಮಲಗಿಸಿದ್ದು ಗೋದಲಿಯಲ್ಲಿ. ಮೊದಲು ಸುದ್ದಿ ಮುಟ್ಟಿದ್ದು ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಅವರು ಬಂದರು, ನೋಡಿದರು, ಸ್ತುತಿಸುತ್ತ ಹಿಂದಿರುಗಿದರು. ಏನಾದರೂ ತಂದರೆಂದು ಲೂಕ ಬರೆದಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಬರುವ ಮೂಡಣ ದೇಶದ ಜೋಯಿಸರು ಮಾತ್ರ ಚಿನ್ನ, ಧೂಪ, ರಕ್ತಬೋಳ ತಂದರು. ಅವರು ಮೂವರು ಎಂದು ಎಲ್ಲೂ ಹೇಳಿಲ್ಲ, ಕಾಣಿಕೆ ಮೂರು ಇದ್ದದ್ದರಿಂದ ತಂದವರೂ ಮೂವರು ಎಂದು ನಾವು ಎಣಿಸಿಕೊಂಡೆವು. ಕ್ರಿಸ್‌ಮಸ್ ಉಡುಗೊರೆಗೆ ಶಾಸ್ತ್ರಾಧಾರ ಬೇಕೆಂದರೆ ಅಂಗಡಿಯವರು ತೋರಿಸುವುದು ಈ ಜೋಯಿಸರನ್ನು. ಆದರೆ ಅವರು ಪರಸ್ಪರ ಉಡುಗೊರೆ ಹಂಚಿಕೊಳ್ಳಲಿಲ್ಲ. ಗುರುತು ಪರಿಚಯವಿಲ್ಲದ ಪರದೇಶದ ಒಂದು ಮನೆಯೊಳಕ್ಕೆ ಹೋಗಿ, ಇಟ್ಟು, ಬೇರೆ ದಾರಿ ಹಿಡಿದು ಊರಿಗೆ ಹೊರಟುಹೋದರು.

ಒಂದು ಮಾತು ಸ್ಪಷ್ಟವಾಗಲಿ. ವಸ್ತುಗಳ ಮೇಲೆ ಸಿಟ್ಟು ಮಾಡಿಕೊಳ್ಳುವ ಧರ್ಮ ಇದಲ್ಲ. ದೇವರು ದೇಹ ತಳೆದ ಎಂದು ನಂಬಿ ಆಚರಿಸುವ ಹಬ್ಬದಲ್ಲಿ ರೊಟ್ಟಿ, ದ್ರಾಕ್ಷಾರಸ, ಎಣ್ಣೆ, ಮೇಣದ ಬತ್ತಿ ಯಾವುದೂ ಹೊಲಸಲ್ಲ. ಸುವಾರ್ತೆಯಲ್ಲಿ ಬಡ ವಿಧವೆ ಹುಂಡಿಗೆ ಹಾಕುವ ಎರಡು ಕಾಸೂ ವಸ್ತುವೇ. ಕೊಳ್ಳುಬಾಕತನದ ವಿರುದ್ಧ ಮಾತಾಡುವವರು ಬೇಗ ಸಂನ್ಯಾಸದ ಭಾಷೆಗೆ ಜಾರುತ್ತಾರೆ. ಅದು ಕೇಳಲು ಚೆನ್ನ, ಆದರೆ ಹಬ್ಬದ ದಿನ ಮಗುವಿಗೆ ಹೊಸ ಅಂಗಿ ಹೊಲಿಸಲಾಗದ ತಾಯಿಯ ಮುಂದೆ ಆ ಮಾತು ನಿಲ್ಲುವುದಿಲ್ಲ.

ಇನ್ನು ಕೊಡುವವನ ಮೂರ್ತಿ. ಕೆಂಪಂಗಿಯ ಕ್ರಿಸ್‌ಮಸ್ ಅಜ್ಜನ ಹಿಂದೆ ಇರುವವರು ನಾಲ್ಕನೆಯ ಶತಮಾನದ ಸಂತ ನಿಕೊಲಾಸ್, ಇಂದಿನ ಟರ್ಕಿಯ ದಕ್ಷಿಣ ಕರಾವಳಿಯ ಮೈರಾ ಪಟ್ಟಣದ ಬಿಷಪ್. ಅವರ ಹಬ್ಬ ಡಿಸೆಂಬರ್ 6. ಅವರ ಬಗ್ಗೆ ಇತಿಹಾಸಕ್ಕೆ ಗೊತ್ತಿರುವುದು ಅಲ್ಪ, ಐತಿಹ್ಯಕ್ಕೆ ಗೊತ್ತಿರುವುದು ಅಪಾರ. ಅದರಲ್ಲಿ ಪ್ರಸಿದ್ಧವಾದದ್ದು ಮೂವರು ಹೆಣ್ಣುಮಕ್ಕಳ ಕಥೆ. ತಂದೆ ದಿವಾಳಿಯಾಗಿದ್ದಾನೆ, ವರದಕ್ಷಿಣೆಗೆ ಕಾಸಿಲ್ಲ, ಮಕ್ಕಳು ಬೀದಿಪಾಲಾಗುವ ಹೊತ್ತು. ನಿಕೊಲಾಸ್ ರಾತ್ರಿ ಬಂದು ಕಿಟಕಿಯೊಳಗೆ ಚಿನ್ನದ ಗಂಟು ಎಸೆದು ಹೋಗುತ್ತಾನೆ. ಹಿರಿಯವಳ ಮದುವೆಯಾಗುತ್ತದೆ. ಮತ್ತೊಮ್ಮೆ ಎಸೆಯುತ್ತಾನೆ, ಎರಡನೆಯವಳ ಮದುವೆಯಾಗುತ್ತದೆ. ಮೂರನೆಯ ಸಲ ತಂದೆ ಕಾದಿದ್ದು ಹಿಡಿದಾಗ, ಯಾರಿಗೂ ಹೇಳಬೇಡ ಎಂದು ಬೇಡಿಕೊಳ್ಳುತ್ತಾನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೆಟ್ಟದ ಮೇಲಣ ಪ್ರಸಂಗದ ಬೋಧನೆಗೆ ಈ ಕಥೆ ಒಂದು ವ್ಯಾಖ್ಯಾನದ ಹಾಗಿದೆ. ಇಲ್ಲಿ ಗಮನಿಸಬೇಕಾದದ್ದು ಕಿಟಕಿ. ಅದು ಬೇರೆಯವರ ಮನೆಯ ಕಿಟಕಿ. ಗುಟ್ಟಾಗಿ ಕೊಟ್ಟದ್ದರಿಂದ ಪಡೆದವನ ತಲೆ ತಗ್ಗಲಿಲ್ಲ.

ಇಂಥ ಕೊಡುಗೆಗೆ ನಮ್ಮ ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೊಟ್ಟ ಎನ್ನುವ ಕಡೆ ಬಿಟ್ಟ ಎನ್ನುತ್ತಾರೆ. ಭೂಮಿಯನ್ನೋ ಗದ್ಯಾಣವನ್ನೋ ಕೈಯಿಂದ ಬಿಟ್ಟ ಮೇಲೆ ಅದರ ಫಲ ಉಣ್ಣುವವರು ಮುಂದೆ ಹುಟ್ಟಲಿರುವ ಅಪರಿಚಿತರು. ಇಂದು ನಾವು ಈ ದತ್ತಿ ಉಪನ್ಯಾಸಕ್ಕೆ ಕುಳಿತಿರುವುದೂ ಅಂಥ ಒಂದು ಬಿಟ್ಟ ದತ್ತಿಯ ನೆರಳಿನಲ್ಲೇ. ಕೊಡುವುದರ ಒಳಗೇ ಬಿಡುವುದು ಸೇರಿದೆ ಎಂಬುದನ್ನು ಕನ್ನಡ ಕ್ರಿಯಾಪದ ಕಲ್ಲಿನ ಮೇಲೆ ಬರೆದಿಟ್ಟಿದೆ.

ಮೈರಾದ ಕಿಟಕಿಯಿಂದ ಇಂಗ್ಲೆಂಡಿನ ಬಾಗಿಲಿಗೆ ಬರೋಣ. ಹದಿನೇಳನೆಯ ಶತಮಾನದವರೆಗೂ ಅಲ್ಲಿ ಕ್ರಿಸ್‌ಮಸ್ ಎಂದರೆ ಸಾಕಷ್ಟು ಗದ್ದಲದ, ಬೀದಿಯ ಹಬ್ಬ. ಸುಗ್ಗಿ ಮುಗಿದಿದೆ, ಹೊಸ ಬಿಯರು ತಯಾರಾಗಿದೆ, ದನ ಕೊಯ್ದಿದ್ದಾರೆ, ಹೊಲದಲ್ಲಿ ಕೆಲಸವಿಲ್ಲ. ಬಡವರು ಗುಂಪು ಕಟ್ಟಿಕೊಂಡು ಹಾಡುತ್ತ ಜಮೀನ್ದಾರನ ಬಾಗಿಲಿಗೆ ಹೋಗುತ್ತಾರೆ. ಅವನು ತನ್ನ ಒಳ್ಳೆಯ ಪಾನೀಯ, ಒಳ್ಳೆಯ ಊಟ ಕೊಡಬೇಕು. ಕೊಟ್ಟರೆ ಹರಕೆ, ಕೊಡದಿದ್ದರೆ ಬೈಗುಳ, ಕೆಲವೊಮ್ಮೆ ಕಲ್ಲು. ನಮ್ಮ ಕಡೆಯ ಹೋಳಿಯ ಕಟ್ಟಿಗೆ ಬೇಡುವ ಹುಡುಗರನ್ನು ನೆನೆಸಿಕೊಂಡರೆ ಆ ಹಕ್ಕಿನ ದನಿ ನಿಮಗೆ ಕೇಳಿಸೀತು. ಪ್ಯೂರಿಟನರೆಂಬ ಕಟ್ಟಾ ಪ್ರೊಟೆಸ್ಟೆಂಟರಿಗೆ ಇದನ್ನು ಸಹಿಸಲಾಗಲಿಲ್ಲ. ಡಿಸೆಂಬರ್ 25ಕ್ಕೆ ಬೈಬಲಿನಲ್ಲಿ ಆಧಾರವಿಲ್ಲ, ಇರುವುದೆಲ್ಲ ಕುಡಿತ, ಕುಣಿತ ಎಂದು ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಹಬ್ಬವನ್ನೇ ರದ್ದು ಮಾಡಿತು. ಅಮೆರಿಕದ ಮಸಾಚುಸೆಟ್ಸ್ ವಸಾಹತು 1659ರಲ್ಲಿ, ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡ ಎಂದು ಕಾನೂನು ಮಾಡಿತು. 1681ರವರೆಗೆ ಅದು ಜಾರಿಯಲ್ಲಿತ್ತು. ಹಬ್ಬದ ಭಕ್ತಿ ಕಡಿಮೆಯಾಯಿತೆಂದು ಇಂದು ಕೊರಗುವ ಸಂಪ್ರದಾಯಸ್ಥರು, ಅದನ್ನು ನಿಷೇಧಿಸಿದವರು ಅತ್ಯಂತ ಭಕ್ತರೇ ಆಗಿದ್ದರೆಂಬುದನ್ನು ಮರೆಯುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಮುಖ್ಯವಾಗಿ ನ್ಯೂಯಾರ್ಕಿನಲ್ಲಿ, ಹಬ್ಬ ಹೊಸ ಮನೆ ಹೊಕ್ಕಿತು. ಕಾರ್ಖಾನೆ, ಕೂಲಿ, ವಲಸೆ ಹೆಚ್ಚಿದ ನಗರದಲ್ಲಿ ಬಾಗಿಲು ಬಡಿಯುವ ಬಡವರ ಗುಂಪು ಶ್ರೀಮಂತರಿಗೆ ಹೆದರಿಕೆ ಹುಟ್ಟಿಸತೊಡಗಿತ್ತು. ಅಂಥ ಹೊತ್ತಿನಲ್ಲಿ, 1823ರ ಡಿಸೆಂಬರ್ 23ರಂದು, ಟ್ರಾಯ್ ಎಂಬ ಊರಿನ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಒಂದು ಪದ್ಯ ಪ್ರಕಟವಾಯಿತು. ಕ್ಲೆಮೆಂಟ್ ಮೂರ್ ಎಂಬ ಸಿರಿವಂತ ವಿದ್ವಾಂಸರದ್ದೆಂದು ಸಾಮಾನ್ಯವಾಗಿ ಹೇಳುವ ಆ ಪದ್ಯದಲ್ಲಿ ಸಂತ ನಿಕೊಲಾಸ್ ಹಿಮಸಾರಂಗದ ಗಾಡಿಯಲ್ಲಿ ಬಂದು ಚಿಮಣಿಯಿಂದ ಇಳಿದು ಮಕ್ಕಳ ಕಾಲುಚೀಲ ತುಂಬುತ್ತಾನೆ. ಅಮೆರಿಕದ ಇತಿಹಾಸಕಾರರು ಇಲ್ಲೊಂದು ಸೂಕ್ಷ್ಮ ಗುರುತಿಸಿದ್ದಾರೆ: ರಾತ್ರಿ ಹೊರಗೆ ಸದ್ದಾಗುತ್ತದೆ, ಮನೆಯೊಡೆಯ ಗಾಬರಿಯಿಂದ ಏಳುತ್ತಾನೆ, ಆದರೆ ಬಂದವನು ಬೇಡುವವನಲ್ಲ, ಕೊಡುವವನು. ಹೊರಗಿನ ಬಡವನ ಜಾಗದಲ್ಲಿ ಒಳಗಿನ ಮಗು ನಿಂತಿತು. ಉದಾರತೆ ಉಳಿಯಿತು, ಅದರ ಪಾತ್ರಧಾರಿಗಳು ಬದಲಾದರು. ಯಜಮಾನ ತನ್ನ ಮಕ್ಕಳಿಗೆ ಕೊಟ್ಟೇ ತಾನು ದಾನಿ ಎಂಬ ತೃಪ್ತಿ ಪಡೆಯಬಹುದಾಯಿತು. ಮುಂದೆ 1860ರ ದಶಕದಿಂದ ಥಾಮಸ್ ನಾಸ್ಟ್ ತಮ್ಮ ವ್ಯಂಗ್ಯಚಿತ್ರದ ಕೈಯಿಂದ ಈ ನಿಕೊಲಾಸನಿಗೆ ಚಿತ್ರದ ರೂಪ ಕೊಟ್ಟರು, 1931ರಿಂದ ಒಂದು ತಂಪು ಪಾನೀಯದ ಕಂಪನಿ ಅಂಥ ರೂಪವನ್ನು ಜಾಹೀರಾತಿನಲ್ಲಿ ಜಗತ್ತಿಗೆಲ್ಲ ಹಂಚಿತು. ಕೆಂಪು ಅಂಗಿ ಆ ಕಂಪನಿಯದೇ ಆವಿಷ್ಕಾರ ಎಂಬ ಮಾತು ಮಾತ್ರ ಸುಳ್ಳು, ಅದು ಮೊದಲೇ ಇತ್ತು.

ಮತ್ತೆ 1843. ಹೆನ್ರಿ ಕೋಲರ ಕಾರ್ಡು ಬಂದ ಅದೇ ತಿಂಗಳ 19ರಂದು ಚಾರ್ಲ್ಸ್ ಡಿಕೆನ್ಸರ ‘ಎ ಕ್ರಿಸ್‌ಮಸ್ ಕ್ಯಾರಲ್’ ಅಂಗಡಿಗೆ ಬಂತು. ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ಮಕ್ಕಳನ್ನು ದುಡಿಸುವುದರ ಬಗ್ಗೆ ಸರಕಾರಿ ಆಯೋಗವೊಂದರ ವರದಿ ಓದಿ ಅವರು ತಳಮಳಗೊಂಡಿದ್ದರು. ಚಿಂದಿ ಬಟ್ಟೆಯ ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆಯೊಂದನ್ನು ನೋಡಿ ಬಂದಿದ್ದರು. ಮೊದಲು ಒಂದು ಕರಪತ್ರ ಬರೆಯಬೇಕೆಂದಿದ್ದವರು ಅದನ್ನು ಬಿಟ್ಟು ಸುಮಾರು ಆರು ವಾರದಲ್ಲಿ ಕಥೆ ಬರೆದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಆರು ಸಾವಿರ ಪ್ರತಿ ಖರ್ಚಾದವು. ಬೆಲೆ ಐದು ಷಿಲಿಂಗ್. ಮಸಾಚುಸೆಟ್ಸಿನಲ್ಲಿ ಹಬ್ಬ ಮಾಡಿದ್ದಕ್ಕೆ ದಂಡ ಎಷ್ಟೋ ಅಷ್ಟೇ. ಕಥೆಯೊಳಗಿನ ಬಡ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ವಾರದ ಸಂಬಳ ಹದಿನೈದು ಷಿಲಿಂಗ್. ಅಂದರೆ ತನ್ನ ಕಥೆ ಇರುವ ಪುಸ್ತಕ ಕೊಳ್ಳಲು ಅವನು ವಾರದ ಮೂರನೆಯ ಒಂದು ಪಾಲು ಸಂಬಳ ಕೊಡಬೇಕಿತ್ತು. ಬಣ್ಣದ ಚಿತ್ರ, ಚಿನ್ನದ ಅಂಚು ಎಂದು ಡಿಕೆನ್ಸ್ ಮುದ್ರಣಕ್ಕೆ ದುಂದು ಮಾಡಿದ್ದರಿಂದ ಅಷ್ಟು ಮಾರಾಟವಾದರೂ ಅವರಿಗೆ ಮೊದಲು ಸಿಕ್ಕಿದ್ದು ಅಲ್ಪ. ಕೃತಿಚೌರ್ಯ ಮಾಡಿದವರ ಮೇಲೆ ದಾವೆ ಹೂಡಿ ಗೆದ್ದರು, ಸೋತವರು ದಿವಾಳಿ ಎದ್ದರು, ಖರ್ಚು ಇವರ ತಲೆಗೇ ಬಂತು. ಜಿಪುಣತನದ ವಿರುದ್ಧ ಬರೆದ ಲೇಖಕ ಲಾಭ ನಷ್ಟದ ಪುಸ್ತಕ ಹಿಡಿದು ಕೂರಬೇಕಾಯಿತು. ಇದನ್ನು ಅಣಕಕ್ಕೆ ಹೇಳುತ್ತಿಲ್ಲ. ಮಾರುಕಟ್ಟೆಯ ಹೊರಗೆ ನಿಂತು ಮಾತಾಡುತ್ತೇನೆ ಎನ್ನುವುದು ಯಾರಿಗೂ ಅಷ್ಟು ಸುಲಭವಲ್ಲ.

ಕಥೆಯ ಕೊನೆಯನ್ನು ನಾವು ಸಾಮಾನ್ಯವಾಗಿ ತಪ್ಪಾಗಿ ನೆನಪಿಟ್ಟುಕೊಳ್ಳುತ್ತೇವೆ. ಬಾಬ್‌ನ ಜಿಪುಣ ಯಜಮಾನ ಸ್ಕ್ರೂಜ್‌ನ ಮನಸ್ಸು ಕರಗಿತು, ಎಲ್ಲರೂ ಸಂತೋಷಪಟ್ಟರು ಎಂದು. ಅವನು ನಿಜವಾಗಿ ಮಾಡಿದ್ದೇನು? ಮೊದಲು, ದೊಡ್ಡದೊಂದು ಟರ್ಕಿ ಕೋಳಿ ಕೊಂಡು ಹೆಸರು ಹೇಳದೆ ಗುಮಾಸ್ತನ ಮನೆಗೆ ಕಳಿಸುತ್ತಾನೆ. ಇದು ನಿಕೊಲಾಸನ ಕಿಟಕಿ. ಆಮೇಲೆ, ಹಿಂದಿನ ದಿನ ಚಂದಾ ಕೇಳಿ ಬೈಸಿಕೊಂಡು ಹೋದವರನ್ನು ದಾರಿಯಲ್ಲಿ ಹಿಡಿದು ಬಾಕಿಯೂ ಸೇರಿಸಿ ಕೊಡುವುದಾಗಿ ಕಿವಿಯಲ್ಲಿ ಹೇಳುತ್ತಾನೆ. ಕೊನೆಗೆ, ಮರುದಿನ ಆಫೀಸಿನಲ್ಲಿ, ಗುಮಾಸ್ತನ ಸಂಬಳ ಏರಿಸುತ್ತಾನೆ. ನನ್ನ ಲೆಕ್ಕದಲ್ಲಿ ಮೂರರಲ್ಲಿ ದೊಡ್ಡದು ಮೂರನೆಯದು. ಟರ್ಕಿ ಒಂದು ದಿನದ್ದು, ಸಂಬಳ ವರ್ಷದ್ದು. ಕೃತಜ್ಞತೆ ಎಂದರೆ ಮಾಡಿದ್ದನ್ನು ಅರಿಯುವುದಾದರೆ, ತನಗಾಗಿ ದುಡಿದವನ ದುಡಿಮೆಯನ್ನು ಅರಿಯುವುದು ಅದರ ಮೊದಲ ಪಾಠ. ಆ ಪಾಠ ನಮಗೂ ಬೇಕು: ಡಿಸೆಂಬರಿನಲ್ಲಿ ನಮ್ಮ ನಗರಗಳಲ್ಲಿ ರಿಯಾಯಿತಿ ದರದ ಪೊಟ್ಟಣಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೂರನೆಯ ಮಹಡಿ ಹತ್ತುವ ಹುಡುಗ ಹೊಸ್ತಿಲ ಆಚೆಯೇ ನಿಂತು, ಪೊಟ್ಟಣದ ಫೋಟೊ ತೆಗೆದುಕೊಂಡು, ಇಳಿದು ಹೋಗುತ್ತಾನೆ. ಒಳಗೆ ಬರುವುದು ಪೊಟ್ಟಣ ಮಾತ್ರ.

ಕೃತಜ್ಞತೆಗೇ ಮೀಸಲಾದ ಒಂದು ದಿನಕ್ಕೆ ಏನಾಯಿತೆಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಅಂತರ್ಯುದ್ಧದ ನಡುವೆ, 1863ರಲ್ಲಿ, ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಥ್ಯಾಂಕ್ಸ್‌ಗಿವಿಂಗ್ ದಿನವೆಂದು ಸಾರಿದರು. ಆ ಹಬ್ಬ ಮುಗಿಯುವವರೆಗೆ ಕ್ರಿಸ್‌ಮಸ್ ವ್ಯಾಪಾರ ಶುರು ಮಾಡುವುದು ಸಭ್ಯತೆಯಲ್ಲವೆಂಬ ಅಲಿಖಿತ ನಿಯಮ ಅಂಗಡಿಗಳಲ್ಲಿ ಬೆಳೆದುಬಂತು. 1939ರ ನವೆಂಬರಿನಲ್ಲಿ ಐದು ಗುರುವಾರಗಳಿದ್ದವು, ಕೊನೆಯದು 30ನೆಯ ತಾರೀಕು. ವ್ಯಾಪಾರದ ದಿನ ಕಡಿಮೆಯಾಗುತ್ತವೆಂದು ವರ್ತಕರು ಅಹವಾಲು ಕೊಟ್ಟರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆ, 23ಕ್ಕೆ ತಂದರು. ಕೆಲವು ರಾಜ್ಯಗಳು ಒಪ್ಪಿದವು, ಕೆಲವು ಹಳೆಯ ದಿನವೇ ಆಚರಿಸಿದವು. 1941ರಲ್ಲಿ ಕಾಂಗ್ರೆಸ್ಸು ನಾಲ್ಕನೆಯ ಗುರುವಾರ ಎಂದು ಕಾನೂನು ಮಾಡಿ ಜಗಳ ಮುಗಿಸಿತು. ಉಪಕಾರ ಸ್ಮರಣೆಯ ದಿನವನ್ನೇ ಕೊಳ್ಳುವ ಕಾಲಕ್ಕೆ ಅನುಕೂಲವಾಗಲೆಂದು ಸರಿಸಿದ ಪ್ರಸಂಗ ಇದು. ಈಗ ಅದರ ಮರುದಿನವೇ ರಿಯಾಯಿತಿ ಮಾರಾಟದ ಶುಕ್ರವಾರ. 2012ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವರು, ಹಾಗಾದರೆ ಅದರ ಮುಂದಿನ ಮಂಗಳವಾರ ಕೊಡುವ ದಿನವಾಗಲಿ ಎಂದು ಗಿವಿಂಗ್ ಟ್ಯೂಸ್‌ಡೇ ಆರಂಭಿಸಿದರು. ಒಳ್ಳೆಯ ಕೆಲಸವೇ. ಆದರೂ ಸರದಿ ನೋಡಿ: ಕೊಳ್ಳುವುದು ಮೊದಲು, ಕೊಡುವುದು ನಾಲ್ಕು ದಿನದ ನಂತರ.

ವಿದ್ವಾಂಸರೂ ಈ ವಿಷಯಕ್ಕೆ ಕೈ ಹಾಕಿದ್ದಾರೆ. 1993ರಲ್ಲಿ ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳನ್ನು ಕೇಳಿ ಒಂದು ಲೆಕ್ಕ ಹಾಕಿದರು. ಕ್ರಿಸ್‌ಮಸ್ಸಿಗೆ ಬಂದ ಉಡುಗೊರೆಗೆ ಪಡೆದವರು ಕಟ್ಟುವ ಬೆಲೆ, ಕೊಟ್ಟವರು ತೆತ್ತ ಬೆಲೆಗಿಂತ ಹತ್ತನೆಯ ಒಂದರಿಂದ ಮೂರನೆಯ ಒಂದು ಪಾಲಿನಷ್ಟು ಕಡಿಮೆ. ಅಷ್ಟು ಹಣ ಗಾಳಿಗೆ ಹೋಯಿತು ಎಂಬುದು ಅವರ ತೀರ್ಮಾನ. ಅರ್ಥಶಾಸ್ತ್ರಕ್ಕೆ ಹೃದಯವಿಲ್ಲ ಎಂದು ಇದನ್ನು ನಕ್ಕು ತಳ್ಳಿಹಾಕಿದವರಿದ್ದಾರೆ. ನನಗೆ ಲೆಕ್ಕ ಸರಿ ಎನಿಸುತ್ತದೆ. ಎಲ್ಲವೂ ಇರುವವನು ಎಲ್ಲವೂ ಇರುವವನಿಗೆ ಕೊಟ್ಟಾಗ ನಷ್ಟವಾಗದೆ ಇನ್ನೇನಾದೀತು? ಕಂಬಳಿ ಇಲ್ಲದವನ ಕೈಗೆ ಹೋದ ಕಂಬಳಿಯ ಬೆಲೆ ಅಂಗಡಿಯ ಚೀಟಿಯಲ್ಲಿರುವುದಕ್ಕಿಂತ ಹೆಚ್ಚು. ನಷ್ಟ ಹುಟ್ಟುವುದು ಸುತ್ತು ಮುಚ್ಚಿಕೊಂಡಾಗ. 2008ರಲ್ಲಿ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಡನ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಬೆಳಿಗ್ಗೆ ಐದು ಡಾಲರನ್ನೋ ಇಪ್ಪತ್ತನ್ನೋ ಕೊಟ್ಟು, ಸಂಜೆ ಐದರೊಳಗೆ ಖರ್ಚು ಮಾಡಿ ಎಂದರು: ಕೆಲವರು ತಮಗಾಗಿ, ಕೆಲವರು ಬೇರೆಯವರಿಗಾಗಿ. ಸಂಜೆ ಹೆಚ್ಚು ನೆಮ್ಮದಿಯಿಂದಿದ್ದವರು ಬೇರೆಯವರಿಗಾಗಿ ಖರ್ಚು ಮಾಡಿದವರು. ಐದೋ ಇಪ್ಪತ್ತೋ ಎನ್ನುವುದರಿಂದ ವ್ಯತ್ಯಾಸವಾಗಲಿಲ್ಲ. ಕೇಳಿದಾಗ ಮಾತ್ರ ಹೆಚ್ಚಿನವರು ಇಪ್ಪತ್ತೇ ಬೇಕು, ಅದೂ ತನಗೇ ಬೇಕು, ಆಗಲೇ ಸುಖ ಎಂದು ಊಹಿಸಿದ್ದರು. ನಮ್ಮ ಅಜ್ಜಿಯರಿಗೆ ಇದಕ್ಕೆ ಪ್ರಯೋಗ ಬೇಕಿರಲಿಲ್ಲ ಎಂದು ಹೇಳಿಬಿಡಬಹುದು. ಆದರೆ ಆ ಅಜ್ಜಿಯ ಮೊಮ್ಮಕ್ಕಳೇ ತಪ್ಪು ಊಹಿಸುತ್ತಿರುವವರಾದ್ದರಿಂದ ಪ್ರಯೋಗ ಬೇಕಾಯಿತು.

ಹೊಸ್ತಿಲು ದಾಟಿದ್ದೆಲ್ಲ ಉದಾರತೆಯೇ ಎಂದು ನಾನು ವಾದಿಸುತ್ತಿಲ್ಲ. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ಸಿನ ಮರುದಿನ ಮನೆಯೊಡೆಯರು ಆಳುಕಾಳುಗಳಿಗೆ, ಅಂಚೆಯವನಿಗೆ ಪೆಟ್ಟಿಗೆಯಲ್ಲಿ ಇನಾಮು ಕೊಡುತ್ತಿದ್ದರು. ಬಾಕ್ಸಿಂಗ್ ಡೇ ಎಂಬ ಹೆಸರು ಹಾಗೆ ಬಂತೆನ್ನುತ್ತಾರೆ. ಅದೇ ಬ್ರಿಟಿಷರು ಭಾರತಕ್ಕೆ ಬಂದಾಗ ಪೆಟ್ಟಿಗೆ ತಿರುಗುಮುರುಗಾಯಿತು. ಇಲ್ಲಿ ಕ್ರಿಸ್‌ಮಸ್ ಬೆಳಿಗ್ಗೆ ಗುತ್ತಿಗೆದಾರರು, ಗುಮಾಸ್ತರು, ಜಹಗೀರುದಾರರು ಹಣ್ಣು, ಹೂವು, ಮಿಠಾಯಿ ತುಂಬಿದ ಬುಟ್ಟಿ ಹೊರಿಸಿಕೊಂಡು ಸಾಹೇಬರ ಬಂಗಲೆಗೆ ಹೋಗಿ ನಿಲ್ಲುತ್ತಿದ್ದರು. ಅದಕ್ಕೆ ಡಾಲಿ ಎಂದು ಹೆಸರು. ಇಂಗ್ಲಿಷರ ಆಂಗ್ಲೋ ಇಂಡಿಯನ್ ನಿಘಂಟುಗಳಲ್ಲೂ ಈ ಪದ ಸೇರಿದೆ. ಕೆಳಗಿನವನು ಮೇಲಿನವನಿಗೆ ಕೊಡುವ ಕಾಣಿಕೆಯಲ್ಲಿ ಬಿಡುವುದು ಏನೂ ಇಲ್ಲ, ಹಿಡಿಯುವುದೇ ಎಲ್ಲ. ಇಂದು ದೊಡ್ಡ ಕಚೇರಿಗಳ ನಡುವೆ ಡಿಸೆಂಬರಿನಲ್ಲಿ ಓಡಾಡುವ ರಿಬ್ಬನ್ ಕಟ್ಟಿದ ಬುಟ್ಟಿಗಳು ಇಂಗ್ಲೆಂಡಿನ ಬಾಕ್ಸಿನ ಮೊಮ್ಮಕ್ಕಳೋ ಇಲ್ಲಿನ ಡಾಲಿಯ ಮೊಮ್ಮಕ್ಕಳೋ ಎಂಬುದನ್ನು ಕಳಿಸುವವರೇ ಹೇಳಬೇಕು.

ಬಜಾರಿನ ವಸ್ತುವನ್ನೇ ಹಿಡಿದು ಹೊರಮುಖ ಮಾಡಿದ ಉದಾಹರಣೆಯೂ ಇದೆ. ಡೆನ್ಮಾರ್ಕಿನ ಅಂಚೆ ನೌಕರ ಐನರ್ ಹೋಲ್‌ಬೋಲ್, ಹಬ್ಬದ ಹೊತ್ತಿನ ಕಾರ್ಡುಗಳ ರಾಶಿಯ ನಡುವೆ ಕುಳಿತು, ಪ್ರತಿ ಕಾಗದದ ಮೇಲೆ ಚೂರು ಕಾಸಿನ ಇನ್ನೊಂದು ಚೀಟಿ ಅಂಟಿಸಿದರೆ ಕ್ಷಯ ಬಂದ ಮಕ್ಕಳಿಗೆ ಆಸ್ಪತ್ರೆ ಕಟ್ಟಬಹುದಲ್ಲ ಎಂದು ಯೋಚಿಸಿದರು. 1904ರಲ್ಲಿ ಮೊದಲ ಕ್ರಿಸ್‌ಮಸ್ ಸೀಲು ಹೊರಬಂತು, 1907ರಲ್ಲಿ ಅಮೆರಿಕಕ್ಕೆ ಹೋಯಿತು, ನಿಧಾನವಾಗಿ ಲೋಕವನ್ನೆಲ್ಲ ಸುತ್ತಿತು. ನಮ್ಮ ಶಾಲೆಗಳಲ್ಲಿ ಮಕ್ಕಳ ಕೈಗೆ ಟಿ.ಬಿ. ಸೀಲು ಕೊಟ್ಟು ಕಾಸು ಕೂಡಿಸುತ್ತಿದ್ದುದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಕೋಲರ ಕಾರ್ಡಿನಿಂದ ಉದುರಿಹೋಗಿದ್ದ ಪಕ್ಕದ ಚಿತ್ರಗಳು ಲಕೋಟೆಯ ಬೆನ್ನಿಗೆ ಅಂಟಿಕೊಂಡು ಹಿಂದಿರುಗಿದವು ಎಂದು ನಾನು ಭಾವಿಸುತ್ತೇನೆ.

ಈಗ ನಮ್ಮ ಕರಾವಳಿ. ಮಂಗಳೂರಿನ ಕ್ಯಾಥೊಲಿಕರ ವರ್ಷದಲ್ಲಿ ಕೃತಜ್ಞತೆಯ ಹಬ್ಬ ಬೇರೆಯೇ ಇದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ನಾವು ಕನ್ನಡದಲ್ಲಿ ತೆನೆ ಹಬ್ಬ ಎನ್ನುವುದು. ಚರ್ಚಿನಲ್ಲಿ ಹರಸಿದ ಹೊಸ ತೆನೆಯನ್ನು ಮನೆಗೆ ತಂದು, ಭತ್ತ ಸುಲಿದು, ಆ ಅಕ್ಕಿಯ ಕಾಳುಗಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಊರಿನಲ್ಲಿಲ್ಲದ ಮಕ್ಕಳಿಗೆ ಕಾಳನ್ನು ಲಕೋಟೆಯಲ್ಲಿಟ್ಟು ಮುಂಬಯಿಗೆ, ಗಲ್ಫಿಗೆ ಕಳಿಸಿದ ಮನೆಗಳುಂಟು. ಸೆಪ್ಟೆಂಬರಿನಲ್ಲಿ ಪಡೆದದ್ದನ್ನು ಅರಿಯುವುದು, ಡಿಸೆಂಬರಿನಲ್ಲಿ ಹಂಚುವುದು. ಇದು ನಾನು ಕಟ್ಟಿದ ಸಿದ್ಧಾಂತ, ಅವರು ಹೀಗೆ ಹೇಳಿಕೊಳ್ಳುವುದಿಲ್ಲ.

ಡಿಸೆಂಬರಿನ ಹಂಚುವಿಕೆಗೆ ಕುಸ್ವಾರ್ ಎಂದು ಹೆಸರು. ಕ್ರಿಸ್‌ಮಸ್ಸಿಗೆ ವಾರ ಎರಡು ವಾರ ಇರುವಾಗಲೇ ಶುರುವಾಗುವ ತಿಂಡಿಗಳ ಸಂಭ್ರಮ. ಕಿಡಿಯೊ ಮಾಡುವುದನ್ನು ನೋಡಿ: ಮೈದಾ ಕಲಸಿದ ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಿದರೆ ಗೆರೆ ಬಿದ್ದ ಹುಳುವಿನ ಹಾಗೆ ಆಗುತ್ತದೆ. ಕೊಂಕಣಿಯಲ್ಲಿ ಕಿಡೊ ಎಂದರೆ ಹುಳುವೇ. ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಬೆಳ್ಳಗೆ ಮಂಜು ಕವಿದಂತಿರುತ್ತದೆ. ಒಂದು ಸೇರು ಕಿಡಿಯೊಗೆ ಮನೆಮಂದಿಯೆಲ್ಲ ಕುಳಿತು ಹೆಬ್ಬೆರಳು ಸವೆಸಬೇಕು. ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ ತುಂಬಿದ ನೆವ್ರಿಯೊ, ಹಲ್ಲಿಗೆ 'ಕಟ್' ಎನ್ನುವ ಅಕ್ಕಿ ಹಿಟ್ಟಿನ ಗುಳಿಯೊ, ಹೂವಿನಚ್ಚಿನ ರೋಸ್ ಕುಕ್ಕೀಸ್, ಚಕ್ಕುಲಿ, ಪ್ಲಮ್ ಕೇಕು. ಇವುಗಳ ಪಟ್ಟಿ ಮನೆಯಿಂದ ಮನೆಗೆ ಬೇರೆ. ಬದಲಾಗದ್ದು ಇಷ್ಟು: ಎಲ್ಲವನ್ನೂ ಒಂದೊಂದು ಹಿಡಿ ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಹೆಣೆದ ಬಟ್ಟೆ ಮುಚ್ಚಿ, ಅಕ್ಕಪಕ್ಕದ ಭಟ್ಟರ ಮನೆಗೂ ಶೆಟ್ಟರ ಮನೆಗೂ ಬ್ಯಾರಿಗಳ ಮನೆಗೂ ಮಕ್ಕಳ ಕೈಯಲ್ಲಿ ಕಳಿಸುತ್ತಾರೆ.

ಈ ತಟ್ಟೆಯನ್ನು ನಾನು ಕೋಲರ ಕಾರ್ಡಿನ ಪಕ್ಕದಲ್ಲಿಟ್ಟು ನೋಡುತ್ತೇನೆ. ತಟ್ಟೆಯಲ್ಲಿ ಗೆರೆಯಿಲ್ಲ. ಒಳಗೆ ಉಣ್ಣುವುದೂ ಹೊರಗೆ ಕೊಡುವುದೂ ಒಂದೇ ಬಾಣಲೆಯದು. ಇದರ ಹಣದ ಬೆಲೆ ಅಲ್ಪವಾದ್ದರಿಂದ ಪಡೆದವರ ಮೇಲೆ ಭಾರ ಬೀಳುವುದಿಲ್ಲ, ಶ್ರಮದ ಬೆಲೆ ದೊಡ್ಡದಾದ್ದರಿಂದ ಹಗುರವಾಗಿ ತೆಗೆದುಕೊಳ್ಳಲೂ ಆಗುವುದಿಲ್ಲ. ಆ ಶ್ರಮ ಹೆಚ್ಚಾಗಿ ಹೆಂಗಸರದು ಎಂಬುದನ್ನು ಬಚ್ಚಿಟ್ಟು ಹಳೆಯ ದಿನಗಳನ್ನು ಹೊಗಳುವುದು ಅನ್ಯಾಯ. ಈಗ ಮಂಗಳೂರಿನ, ಬೆಂಗಳೂರಿನ ಬೇಕರಿಗಳಲ್ಲಿ ಕುಸ್ವಾರ್ ಡಬ್ಬಿಯಲ್ಲಿ ಸಿಗುತ್ತದೆ. ಇದನ್ನು ಕಂಡು ಸಂಸ್ಕೃತಿ ಮುಳುಗಿತೆಂದು ಗೋಳಿಡುವವರ ಜೊತೆ ನಾನಿಲ್ಲ. ಕೊಂಡು ತಂದದ್ದೇ ಆಗಲಿ, ಪಕ್ಕದ ಮನೆಗೆ ಹೋದರೆ ಹಬ್ಬ ಉಳಿಯಿತು. ಮನೆಯಲ್ಲೇ ಕರಿದು ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಉಳಿದದ್ದು ತಿಂಡಿ ಮಾತ್ರ.

ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ಕೊಡುಗೆಯ ಕುರಿತ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಮರಳಿಸುವುದು ಎಂಬ ಮೂರು ಬದ್ಧತೆಗಳು ಸಮಾಜವನ್ನು ಕಟ್ಟುತ್ತವೆ ಎಂದರು. ಮೂರನೆಯದನ್ನು ನಾವು ಕನ್ನಡಿಗರು ನಮ್ಮದೇ ರೀತಿಯಲ್ಲಿ ಇಟ್ಟುಕೊಂಡಿದ್ದೇವೆ. ನೆರೆಹೊರೆಯವರಿಗೆ ಧನ್ಯವಾದ ಎಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ, ಹೇಳಿದರೆ ಸಭೆಯಲ್ಲಿ ವಂದನಾರ್ಪಣೆ ಮಾಡಿದಂತೆ ಕೇಳಿಸುತ್ತದೆ. ಅದಕ್ಕೇ ಥ್ಯಾಂಕ್ಸ್ ಎಂಬುದನ್ನು ಸಾಲ ತಂದೆವು. ಆದರೆ ಬಂದ ತಟ್ಟೆಯನ್ನು ಬರಿದಾಗಿ ಕಳಿಸಬಾರದೆಂಬುದು ನಮ್ಮ ಬಹುತೇಕ ಮನೆಗಳ ಶಿಸ್ತು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣು. ಅದು ಲೆಕ್ಕ ಚುಕ್ತಾ ಮಾಡುವುದಲ್ಲ, ಲೆಕ್ಕ ತೆರೆದೇ ಇಡುವುದು. ತಟ್ಟೆ ಓಡಾಡುತ್ತಿರುವವರೆಗೆ ಎರಡು ಮನೆಗಳ ನಡುವಿನ ದಾರಿಯಲ್ಲಿ ಹುಲ್ಲು ಬೆಳೆಯುವುದಿಲ್ಲ.

ಸಹೃದಯರೆ, ಕ್ರಿಸ್‌ಮಸ್ ಮುಗಿದು ಇಪ್ಪತ್ತು ದಿನಕ್ಕೆ ಸಂಕ್ರಾಂತಿ. ಹಳೆ ಮೈಸೂರಿನ ಸೀಮೆಯಲ್ಲಿ ಅಂದು ಎಳ್ಳು ಬೀರುತ್ತಾರೆ. ಡಿಸೆಂಬರಿನಲ್ಲಿ ನಿಮ್ಮ ಮನೆಗೆ ಕುಸ್ವಾರ್ ಬಂದಿದ್ದರೆ, ಆ ತಟ್ಟೆ ಅಡುಗೆಮನೆಯ ಯಾವುದೋ ಮೂಲೆಯಲ್ಲಿ ಇನ್ನೂ ಇರುತ್ತದೆ, ಹುಡುಕಿ ತೆಗೆಯಿರಿ. ಬಂದಿಲ್ಲವಾದರೆ, ಮೊದಲ ತಟ್ಟೆ ನಿಮ್ಮ ಮನೆಯಿಂದಲೇ ಹೊರಡಲಿ.